ಎರಡು ನಿಮಿಷದ ಅಪ್ಪ

"ಮುಗೀತಾ?" ಅಪ್ಪ ಮೊಬೈಲನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ನೋಡಿದ. "ಒಂದು ನಿಮಿಷ ಐವತ್ತೆರಡು. ಇನ್ನೂ ಎಂಟು ಸೆಕೆಂಡು ಬಾಕಿ ಇದೆಯಲ್ಲೇ, ಪುಟ್ಟಿ."

ಅಡುಗೆಮನೆಯ ಮೇಜಿನ ಈಚೆ ಅವಳು ಕೂತಿದ್ದಳು. ಆಚೆ ಅಪ್ಪ, ಪರೀಕ್ಷಕನ ಗತ್ತಿನಲ್ಲಿ. ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಒಂದು ಚೀಟಿ ಕೊಡುತ್ತಾರೆ, ಅದರಲ್ಲಿರುವ ವಿಷಯದ ಮೇಲೆ ಎರಡು ನಿಮಿಷ ತಡೆಯದೆ ಮಾತಾಡಬೇಕು. ಹಿಂದೆ ಎರಡು ಸಲವೂ ಅವಳು ನಲವತ್ತನೇ ಸೆಕೆಂಡಿಗೇ ಬಾಯಿಗೆ ಬೀಗ ಬಿದ್ದವಳಂತೆ ಕೂತು ಎದ್ದು ಬಂದಿದ್ದಳು. ಈ ಸಲವೂ ಡುಮ್ಕಿ ಹೊಡೆದರೆ ದೊಡ್ಡ ಆಸ್ಪತ್ರೆಯ ನರ್ಸ್ ಕೆಲಸ ಕೈತಪ್ಪಿದಂತೆಯೇ. ಮತ್ತೆ ಹದಿನಾಲ್ಕು ವರ್ಷದಿಂದ ದುಡಿಯುತ್ತಿರುವ ಅದೇ ವಾರ್ಡು, ಅದೇ ರಾತ್ರಿ ಪಾಳಿ.

ಕೋಚಿಂಗ್ ಮೇಷ್ಟ್ರು ಇದಕ್ಕೆ ಐದು ಬೆರಳಿನ ಮದ್ದು ಕೊಟ್ಟಿದ್ದರು. ಹೆಬ್ಬೆರಳೆಂದರೆ ಯಾರು, ತೋರುಬೆರಳೆಂದರೆ ಅವರು ನಿಮಗೆ ಏನಾಗಬೇಕು, ನಡುಬೆರಳಿಗೆ ಒಂದು ಘಟನೆ, ಉಂಗುರದ ಬೆರಳಿಗೆ ಕೊನೆಗೆ ಏನಾಯಿತು, ಕಿರುಬೆರಳಿಗೆ ನೀವು ಕಲಿತದ್ದೇನು. ಮೇಜಿನ ಮರೆಯಲ್ಲಿ ಒಂದೊಂದೇ ಮಡಚುತ್ತ ಹೋದರೆ ಉತ್ತರ ಹಳಿ ತಪ್ಪುವುದಿಲ್ಲ. ನೀವು ಮೆಚ್ಚುವ ವ್ಯಕ್ತಿ ಎಂಬ ವಿಷಯಕ್ಕೆ ಅವಳು ಅಪ್ಪನ ಬಗ್ಗೆ ಬರೆದುಕೊಂಡು ಹೋಗಿದ್ದಳು. ಮೇಷ್ಟ್ರು ಓದಿ ಮೂಗು ಮುರಿದರು.

"ಲಿಫ್ಟ್ ನಡೆಸೋರ ಬಗ್ಗೆ ಎರಡು ನಿಮಿಷ ಏನಮ್ಮ ಹೇಳ್ತೀಯ? ಮೇಲೆ ಹೋಯ್ತು, ಕೆಳಗೆ ಬಂತು, ಆಯ್ತು. ಸ್ಕೂಲ್ ಮೇಷ್ಟ್ರಾಗಿದ್ರು ಅನ್ನು. ಕೊನೆಗೆ ತೀರಿಕೊಂಡ್ರು ಅನ್ನು. ಉಂಗುರದ ಬೆರಳಿಗೆ ಏನಾದರೂ ಬೇಕಲ್ಲ!"

ಅವಳು ಹ್ಞೂಂ ಅಂದುಬಿಟ್ಟಳು. ಅಷ್ಟು ಬೇಗ ಅಂದೆನಲ್ಲ ಎಂದು ನಾಚಿಕೆಯಾದದ್ದು ಬಸ್ಸಿನಲ್ಲಿ ಕೂತ ಮೇಲೆ. ಈಗಿನ ಆಸ್ಪತ್ರೆಗೆ ಹೊಸದಾಗಿ ಸೇರಿದಾಗಲೂ ಇದೇ ಕಥೆ. ಅಲ್ಲೇ ಅಪ್ಪ ಲಿಫ್ಟ್ ನಡೆಸುತ್ತಿದ್ದ. ಡಾಕ್ಟರುಗಳ ಜೊತೆ ಅವನ ಲಿಫ್ಟಿನಲ್ಲಿ ನಿಲ್ಲಬೇಕಾಗುತ್ತದೆಂದು ಅವಳು ನಾಲ್ಕು ಮಹಡಿ ಮೆಟ್ಟಿಲು ಹತ್ತುತ್ತಿದ್ದಳು. ಕೇಳಿದರೆ ವ್ಯಾಯಾಮ ಅನ್ನುತ್ತಿದ್ದಳು. "ಒಳ್ಳೇದೇ, ಮಂಡಿ ಗಟ್ಟಿಯಾಗತ್ತೆ," ಎಂದಿದ್ದ ಅಪ್ಪ.

ಈಗ ಅವನಿಗೆ ಇಂಗ್ಲಿಷ್ ಬಾರದೆಂಬ ಧೈರ್ಯದ ಮೇಲೆ, ಹತ್ತು ದಿನದಿಂದ ಅವನನ್ನೇ ಎದುರಿಗೆ ಕೂರಿಸಿಕೊಂಡು, ಅವನನ್ನೇ ಸಾಯಿಸುತ್ತಿದ್ದಳು.

"ಎಂಟು ಸೆಕೆಂಡು ಎಲ್ಲಿಂದ ತರಲಿ?" ಎಂದಳು.

"ನಾನು ಸಾಯೋ ಕಡೆ," ಎಂದ ಅಪ್ಪ. "ಅಲ್ಲಿ ಓಡ್ತೀಯ ನೀನು. ಉಂಗುರದ ಬೆರಳು ಮಡಚಿದ್ದೇ ತಡ, ನನ್ನ ದಬ್ಬಿಬಿಡ್ತೀಯ. ಅಲ್ಲೊಂಚೂರು ನಿಧಾನ ಮಾಡು."

ಒಲೆಯ ಮೇಲೆ ಹಾಲು ಉಕ್ಕುವಂತಿತ್ತು. ಒಲೆ ಆರಿಸುವ ನೆಪದಲ್ಲಿ ಅವಳು ಎದ್ದು ಬೆನ್ನು ತಿರುಗಿಸಿದಳು. "ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ. ಮೂವತ್ತೊಂದು ವರ್ಷ ಆಸ್ಪತ್ರೆ ಲಿಫ್ಟಲ್ಲಿ ನಿಂತಿದ್ದೀನಿ ಕಣೇ. ಎಕ್ಸ್‌ಪೈರ್ಡ್ ಅಂದ್ರೆ ಗೊತ್ತಾಗಲ್ವಾ? ಟೀಚರ್ ಅನ್ನೋದಂತೂ ಮಕ್ಕಳಿಗೂ ಗೊತ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀನು ಚೆನ್ನಾಗಿ ಹೇಳ್ತಿದ್ದೆ. ತಡೀತಾನೇ ಇರಲಿಲ್ಲ."

ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. "ಬೇರೆ ಹೇಳ್ತೀನಪ್ಪ. ಇದ್ದದ್ದನ್ನೇ ಹೇಳ್ತೀನಿ," ಎಂದು ಬಂದು ಕೂತು, ಹೆಬ್ಬೆರಳು ಮಡಚಿ, ನನ್ನ ತಂದೆ ಲಿಫ್ಟ್ ನಡೆಸುತ್ತಿದ್ದರು ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. ತೋರುಬೆರಳಿಗೆ ಬರುವಷ್ಟರಲ್ಲಿ ಮಾತು ನಿಂತಿತು. ಮೊಬೈಲಿನಲ್ಲಿ ಅಂಕಿಗಳು ಓಡುತ್ತಲೇ ಇದ್ದವು. ಅಪ್ಪ ಅದನ್ನು ಮೆಲ್ಲಗೆ ಬೋರಲು ಹಾಕಿದ.

"ಬಿಡು. ನಾಳೆ ಪರೀಕ್ಷೆ ಇಟ್ಕೊಂಡು ಇವತ್ತು ನಿಜ ಹುಡುಕ್ಬೇಡ. ಸತ್ತ ಸುದ್ದಿ ಸುಳ್ಳಾದ್ರೆ ಆಯಸ್ಸು ಜಾಸ್ತಿ ಅಂತಾರೆ. ನೀನು ದಿನಕ್ಕೆ ನಾಲ್ಕು ಸಲ ಸಾಯಿಸ್ತಿದ್ದೀಯ, ನನಗೆ ನೂರು ವರ್ಷ ಗ್ಯಾರಂಟಿ. ಹ್ಞೂಂ, ಮೊದಲಿಂದ ಹೇಳು."

ಪರೀಕ್ಷೆ ಐದನೇ ಮಹಡಿಯಲ್ಲಿತ್ತು. ಅಪ್ಪ ಜೊತೆಗೇ ಬಂದ, ಕೆಲಸದ ಕಾಲದ ಬೂದು ಅಂಗಿಗೆ ಇಸ್ತ್ರಿ ಹಾಕಿಕೊಂಡು. ಅವನ ಹತ್ತಿರ ಇದ್ದದ್ದರಲ್ಲಿ ಅದೇ ಒಳ್ಳೆಯದು. ಎದೆಯ ಮೇಲೆ ಬಿಲ್ಲೆ ಚುಚ್ಚುತ್ತಿದ್ದ ಎರಡು ತೂತು ಹಾಗೇ ಇದ್ದವು. ಅವನು ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಕೂತ. ಊಟಕ್ಕೆ ಮುಂಚಿನ ಕೊನೆಯ ಸರದಿ ಅವಳದು.

ಚೀಟಿಯಲ್ಲಿ ನಿಮಗೆ ದಾರಿ ತೋರಿದ ವ್ಯಕ್ತಿ ಎಂದಿತ್ತು. ಮಾತು ತಾನೇ ತಾನಾಗಿ ಹೊರಟಿತು. ಉಂಗುರದ ಬೆರಳಿಗೆ ಬಂದಾಗ, ಅಪ್ಪ ಹೇಳಿಕೊಟ್ಟಂತೆ, ನಿಧಾನ ಮಾಡಿದಳು. ಪರೀಕ್ಷಕಿಯ ಪೆನ್ನು ನಿಂತಿತು. ಕನ್ನಡಕದ ಹಿಂದಿನಿಂದ ಆಕೆ ಮರುಕದಿಂದ ನೋಡಿದರು. ಕಿರುಬೆರಳು ಮಡಚುವುದಕ್ಕೂ ಎರಡು ನಿಮಿಷದ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಇಷ್ಟು ಚೆನ್ನಾಗಿ ಅವಳು ಯಾವತ್ತೂ ಮಾತಾಡಿರಲಿಲ್ಲ.

"ಐ ಆಮ್ ಸಾರಿ," ಎಂದರು ಆಕೆ.

"ಥ್ಯಾಂಕ್ ಯು," ಎಂದು ಎದ್ದಳು.

"ಪೂರ್ತಿ ಎರಡು ನಿಮಿಷ," ಎಂದು ಹೊರಗೆ ಬಂದು ಹೇಳಿದಾಗ ಅಪ್ಪನ ಮುಖ ಊರಗಲವಾಯಿತು. ಇಬ್ಬರೂ ಲಿಫ್ಟಿನೊಳಗೆ ಹೋದರು. ಬಾಗಿಲು ಮುಚ್ಚುವಷ್ಟರಲ್ಲಿ ಯಾರೋ ಬೇಗ ಬೇಗ ಬರುವ ಸದ್ದು. ಅಪ್ಪನ ಕೈ ಅಭ್ಯಾಸಬಲದಿಂದ ಬಾಗಿಲಿಗೆ ಅಡ್ಡ ಹೋಯಿತು. ಒಳಗೆ ಬಂದವರು ಪರೀಕ್ಷಕಿ.

ಆಕೆ ಬೂದು ಅಂಗಿಯನ್ನು ನೋಡಿ, "ಗ್ರೌಂಡ್ ಫ್ಲೋರ್, ಪ್ಲೀಸ್," ಎಂದರು. ಆಮೇಲೆ ಅವಳ ಕಡೆ ತಿರುಗಿ, ಮೆತ್ತಗಿನ ಇಂಗ್ಲಿಷಿನಲ್ಲಿ, ನಿಮ್ಮ ತಂದೆ ಇದ್ದಿದ್ದರೆ ಇವತ್ತು ಎಷ್ಟು ಸಂತೋಷಪಡುತ್ತಿದ್ದರೋ ಎಂದರು.

ಅಪ್ಪ ಗುಂಡಿಗಳ ಕಡೆಗೆ ಮುಖ ಮಾಡಿ ನಿಂತಿದ್ದ. ತಿರುಗಲಿಲ್ಲ. "ಯೆಸ್ ಮೇಡಮ್," ಎಂದು ಗುಂಡಿ ಒತ್ತಿದ. ಇವರೇ ನನ್ನ ತಂದೆ ಎನ್ನಲು ಇಂಗ್ಲಿಷಿನಲ್ಲಿ ನಾಲ್ಕೇ ಪದ ಸಾಕು, ಒಂದನೇ ಕ್ಲಾಸಿನ ಮಕ್ಕಳೂ ಹೇಳುತ್ತವೆ. ಅದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ನಾಲ್ಕನೇ ಮಹಡಿ ಹೋಯಿತು, ಮೂರು ಹೋಯಿತು, ಎರಡು ಹೋಯಿತು. ಪರೀಕ್ಷೆಯ ಅಂಕ ಇನ್ನೂ ಆಕೆಯ ಕೈಯಲ್ಲಿದ್ದ ಫೈಲಿನಲ್ಲೇ ಇತ್ತು.

ಕೆಳಗೆ ಅಪ್ಪ ಬಾಗಿಲನ್ನು ಕೈಯಲ್ಲಿ ತಡೆದು, ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. "ಥ್ಯಾಂಕ್ ಯು," ಎಂದು ಪರೀಕ್ಷಕಿ ಅವನಿಗೆ ಹೇಳಿ ಹೊರಟರು. ಅವರ ಹಿಂದೆಯೇ ಹೊರಟ ಅವಳ ಬಾಯಿಂದಲೂ ಅದೇ ಬಂತು. "ಥ್ಯಾಂಕ್ ಯು."

ಅಪ್ಪ ತಲೆಯಾಡಿಸಿದ. ಹೊರಗೆ ಬರಲಿಲ್ಲ, ಮತ್ತೆ ಗುಂಡಿ ಒತ್ತಿದ. ಬಾಗಿಲು ಮುಚ್ಚಿಕೊಂಡಿತು.

ಪರೀಕ್ಷಕಿ ಬಿಸಿಲಿಗೆ ಛತ್ರಿ ಬಿಚ್ಚಿ ರಸ್ತೆ ದಾಟಿದರು. ಅವಳು ಲಿಫ್ಟಿನ ಮುಂದೆಯೇ ನಿಂತಿದ್ದಳು. ಐದೂ ಬೆರಳು ಇನ್ನೂ ಮಡಚಿಯೇ ಇದ್ದವು. ಬಾಗಿಲ ಮೇಲಿನ ಕೆಂಪು ಅಂಕಿ ಒಂದಾಯಿತು, ಎರಡಾಯಿತು, ಹಾಗೇ ಐದಕ್ಕೆ ಹೋಗಿ ನಿಂತಿತು. ಬಹಳ ಹೊತ್ತು ಐದರಲ್ಲೇ ಇತ್ತು. ಆಮೇಲೆ ನಾಲ್ಕಾಯಿತು.