ಆವಲಪ್ಪನ ಜೊಂಡುಕೋಳಿ

ಚಟ್ಟಕ್ಕೆ ಕೊನೆಯ ಗಂಟು ಬಿಗಿಯುತ್ತಿದ್ದ ಹನುಮಂತರಾಯಪ್ಪ ಕೈ ನಿಲ್ಲಿಸಿ, ಗೆಳೆಯನ ಮುಖ ನೋಡಿ ನಕ್ಕುಬಿಟ್ಟರು.

“ಲೇ ಆವಲಪ್ಪ, ಕೊನೆಗೂ ಕೋಳಿ ತೋರಿಸ್ದೇನೇ ಹೊರಟ್ಬಿಟ್ಟೆಯಲ್ಲೋ.”

ಅಳುತ್ತಿದ್ದವರೂ ನಕ್ಕರು. ದೊಡ್ಡಬೆಳವಂಗಲದಲ್ಲಿ ಆ ಜೊಂಡುಕೋಳಿಯ ಕತೆ ಕೇಳದವರಿರಲಿಲ್ಲ. ಪ್ರತಿ ಚಳಿಗಾಲ ಹಿಮದ ಬೆಟ್ಟಗಳ ಆಚೆಯಿಂದ, ರಾತ್ರಿ ಹೊತ್ತು ಹಾರಿ ಬಂದು, ಕೆರೆಯ ಜೊಂಡಿನೊಳಗೆ ಅಡಗುವ ಹಕ್ಕಿ. ಗುಬ್ಬಿಗಿಂತ ತುಸು ದೊಡ್ಡದು, ಕೆಂಪು ಕಣ್ಣು, ಪಟ್ಟೆ ಹೊಟ್ಟೆ. ಡೈರಿಗೆ ಹಾಲು ಹಾಕಿ ಬರುವಾಗ ಆವಲಪ್ಪ ಅದನ್ನು ನೋಡುತ್ತಿದ್ದರು. ಬೇರೆ ಯಾರೂ ನೋಡಿರಲಿಲ್ಲ.

“ಇವತ್ತಾದ್ರೂ ಅಪ್ಪನ್ನ ಬುರುಡೆ ಅನ್ಬೇಡಿ ಮಾವ,” ಎಂದ ಮಗ ಗುರು.

“ಮೊದ್ಲು ಅಂದಿದ್ದು ನಿಮ್ಮಮ್ಮನೇ ಕಣಪ್ಪಾ. ಕೇಳು ಬೇಕಾದ್ರೆ.”

ಗೋಡೆಗೊರಗಿದ್ದ ಅನುಸೂಯಮ್ಮ ಕಣ್ಣೊರೆಸಿಕೊಂಡರು. “ಬೇರೆ ಯಾವ್ದ್ರಲ್ಲೂ ಸುಳ್ಳು ಹೇಳ್ದೋರಲ್ಲ. ಇದೊಂದು ನಿಜಾನೋ ಅಲ್ವೋ ಗೊತ್ತಾಗಿದ್ರೆ ನಂಗೆ ಸಾಕಿತ್ತು.”

*

ಮದುವೆಯಾದ ಹೊಸದರಲ್ಲಿ ಒಂದು ಮುಂಜಾನೆ ಆವಲಪ್ಪ ಹೆಂಡತಿಯನ್ನು ಕೆರೆಗೆ ಕರೆದೊಯ್ದಿದ್ದರು. ಇಬ್ಬರೂ ಜೊಂಡಿನ ಎದುರು ಕುಕ್ಕರುಗಾಲಲ್ಲಿ ಕೂತರು. ಬೆಳಕಾಯಿತು.

“ಅಗೋ,” ಎಂದು ಆವಲಪ್ಪ ಪಿಸುಗುಟ್ಟಿದರು.

ಅನುಸೂಯಮ್ಮ ಆತುರದಲ್ಲಿ ಸೆರಗು ಎಳೆದುಕೊಂಡರು. ಕೈತುಂಬ ಇದ್ದ ಗಾಜಿನ ಬಳೆಗಳು ಘಲ್ಲೆಂದವು.

“ಹೋಯ್ತು. ಹಾರೋದಿಲ್ಲ ಅದು, ಸಂದೀಲಿ ನುಸುಳಿ ಓಡ್ತದೆ.”

“ಒಂದು ಎಲೇನೂ ಅಲ್ಲಾಡ್ಲಿಲ್ವಲ್ರೀ.”

“ಅದೇ ಕಣೇ ಅದ್ರ ವಿದ್ಯೆ.”

ಮನೆ ತಲುಪುವವರೆಗೂ ಅನುಸೂಯಮ್ಮ ನಕ್ಕಿದ್ದೇ ನಕ್ಕಿದ್ದು.

*

ತಾಳ ಹಾಕುವ ಆವಲಪ್ಪನ ಜಾಗವನ್ನು ಖಾಲಿ ಬಿಟ್ಟು, ಭಜನೆಯವರು ಹಾಡುತ್ತ ಮುಂದೆ ನಡೆದರು. ಹೆಂಗಸರು ಕೆರೆಯ ಏರಿಯ ಮೇಲೆ ನಿಂತರು, ಅಲ್ಲಿಂದಾಚೆ ಗಂಡಸರಷ್ಟೇ.

ಮಣ್ಣು ಮುಗಿಯಿತು. ಎಲ್ಲರೂ ಕೆರೆಯಂಚಿನಲ್ಲಿ ಕಾಲು ತೊಳೆದು ಸಾಲಾಗಿ ಏರಿಯ ಕಡೆ ಹೊರಟರು. ಮಣ್ಣು ಕೊಟ್ಟು ಬರುವವರು ಮಾತಾಡಬಾರದು, ಹಿಂದೆ ತಿರುಗಿ ನೋಡಬಾರದು. ಅಷ್ಟು ಜನ ಅಷ್ಟು ಸದ್ದಿಲ್ಲದೆ ಆ ದಾರಿಯಲ್ಲಿ ಎಂದೂ ನಡೆದಿರಲಿಲ್ಲ.

ಅವರಿಗೆ ಎದುರಾಗಿ ನಿಂತಿದ್ದ ಅನುಸೂಯಮ್ಮ ಉಸಿರು ಬಿಗಿಹಿಡಿದರು.

ಸಾಲಿನ ಹಿಂದೆ ಜೊಂಡು ಅಲ್ಲಾಡಲಿಲ್ಲ. ಆದರೆ ಅದರ ಬುಡದಿಂದ ಪುಟ್ಟ ಹಕ್ಕಿಯೊಂದು ಹೊರಬಂತು. ಪಟ್ಟೆ ಹೊಟ್ಟೆ, ಮೋಟು ಬಾಲ ಮೇಲೆ, ಕೆಳಗೆ, ಮೇಲೆ. ಅಷ್ಟು ಕಾಲುಗಳು ಕಲಕಿಹೋದ ಕೆಸರಿನಲ್ಲಿ ಅದು ಹುಳ ಹೆಕ್ಕತೊಡಗಿತು.

ಆಕೆಯ ಮುಖ ಅರಳಿದ್ದು ಕಂಡು ಮುಂದಿದ್ದ ಹನುಮಂತರಾಯಪ್ಪನಿಗೆ ಹೊಳೆಯಿತು. ಹೊರಳಲು ಹೋದ ಕತ್ತನ್ನು ಕಷ್ಟಪಟ್ಟು ನೆಟ್ಟಗೆ ಹಿಡಿದು, ಕಣ್ಣಲ್ಲೇ ಕೇಳಿದರು.

ಹೂಂ ಎನ್ನುವಂತೆ ಅನುಸೂಯಮ್ಮ ತಲೆಯಾಡಿಸಿದರು. ತುಟಿಯ ಮೇಲೆ ಬೆರಳಿಡಲು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಹನ್ನೊಂದನೆಯ ದಿನದವರೆಗೆ ತಮ್ಮ ಕೈಯಲ್ಲಿರಲಿದ್ದ ಬಳೆಗಳನ್ನು ಇನ್ನೊಂದು ಕೈಯಿಂದ ಮೆಲ್ಲನೆ ಅದುಮಿ ಹಿಡಿದರು.