ಅತ್ತೆಯ ಹೊಟ್ಟೆಯಲ್ಲಿ ಕುಣಿದ ಗಡ್ಡೆ

ಗಡ್ಡೆ ಎಲ್ಲಾದರೂ ಕುಣಿಯುತ್ತದೆಯೇ, ನೀವೇ ಹೇಳಿ! ಮಕ್ತಲ್‌ನ ಆಸ್ಪತ್ರೆಯಲ್ಲಿ ನನ್ನ ಅತ್ತೆ ಶೇಖಮ್ಮನವರ ಹೊಟ್ಟೆ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್ ಝಾನ್ಸಿ ಗಕ್ಕನೆ ಕೈ ನಿಲ್ಲಿಸಿ, "ಕದುಲುತೋಂದಿ!" ಎಂದು ತೆಲುಗಿನಲ್ಲಿ ಕೂಗಿಬಿಟ್ಟರು. ಅಲುಗಾಡುತ್ತಿದೆಯಂತೆ!

ಹೋದ ವಾರ ಬೇರೆ ಕಡೆ ತೋರಿಸಿದಾಗ, ಪಿತ್ತದ ನಾಳದಲ್ಲಿ ಏನೋ ಇದೆ, ಗಡ್ಡೆ ಇರಬಹುದು ಅಂದಿದ್ದರು. ಅಷ್ಟೇ, ಮಾಗನೂರಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕಣ್ಣು ಹಳದಿಯಾಗಿದ್ದ ಅತ್ತೆ ತಮ್ಮ ಸೊಂಟದ ಕೀಲಿಗೊಂಚಲು ಬಿಚ್ಚಿ ನನ್ನ ಅಂಗೈಗಿಟ್ಟರು. "ಇನ್ನ ನೀನೇ ಮನಿ ಯಜಮಾನಿ, ಕಾವ್ಯಾ. ನಂದು ಮುಗೀತು." ಆ ಕೀಲಿಗಾಗಿ ಮದುವೆಯಾದಾಗಿನಿಂದ ಜಗಳ ಆಡಿದವಳು ನಾನು. ಈಗ ಕೈಗೆ ಬಂದರೆ ಗೊಳೋ ಎಂದು ಅತ್ತುಬಿಟ್ಟೆ.

"ಗಡ್ಡಿ ಅಲ್ಲಮ್ಮಾ, ಹುಳ," ಅಂದರು ಡಾಕ್ಟರ್. "ಕರುಳಿಂದ ಮ್ಯಾಲ ಹತ್ತಿ ಪಿತ್ತದ ನಾಳದಾಗ ಹೊಕ್ಕೈತಿ."

ನನಗೆ ಖುಷಿ ತಡೆಯಲಾಗಲಿಲ್ಲ. ಹೊರಗೋಡಿ ಗಂಡ ಸಿದ್ದರಾಮೇಶನ ತೋಳು ಹಿಡಿದು ಅಲ್ಲಾಡಿಸಿದೆ. "ಹುಳ ರೀ! ನಿಮ್ಮವ್ವನ ಹೊಟ್ಟ್ಯಾಗ ಹುಳ ಐತ್ರಿ!" ಕೂತವರೆಲ್ಲ ತಿರುಗಿ ನೋಡಿದರು. ಅವರಲ್ಲಿ ನಮ್ಮ ಓಣಿಯ ಬುಚ್ಚಮ್ಮನೂ ಇರಬೇಕೇ!

ಒಳಗಿಂದ ಅತ್ತೆ ಗದರಿದರು. "ಏ, ಬಾಯಿ ಮುಚ್ಚ! ಗಡ್ಡಿನೇ ಇರಲಿ ಬಿಡು. ಕೊರಳಾಗ ಲಿಂಗ ಕಟ್ಟಿದಾಕಿ ನಾ. ಹುಳ ಆಗೋದು ಬಾಡು ತಿನ್ನೋರಿಗೆ!"

ಇದೇ ಮಾತು ಹೇಳಿ, ನನ್ನ ಮಗಳಿಗೆ ಶಾಲೆಯಲ್ಲಿ ಕೊಟ್ಟ ಹುಳದ ಗುಳಿಗೆಯನ್ನೂ ಅವರು ತಿಪ್ಪೆಗೆ ಎಸೆದಿದ್ದರು.

ಡಾಕ್ಟರ್ ನಕ್ಕರು. "ರೊಟ್ಟಿ ಜೋಡಿ ಹಸಿದು ಏನ್ ತಿಂತೀರವ್ವಾ?"

"ಹಕ್ಕರಕಿ ತಪ್ಪಲ. ಹೊಲದಾಗ ಕಿತ್ತು, ಮಣ್ಣು ಝಾಡಿಸಿ, ಸೆರಗಿಗೆ ಒರಸಿ ತಿಂತೀನಿ."

"ತೊಳಿಯಂಗಿಲ್ಲೇನು?"

"ನಮ್ಮ ಹೊಲದ ಮಣ್ಣಿಗೇನಾಗೈತ್ರಿ?"

"ಬಯಲಕಡಿಗೆ ಹೋಗೋರು ನಿಮ್ಮ ಹೊಲಕ್ಕೂ ಹೋಗ್ತಾರ. ಹುಳದ ತತ್ತಿ ಆ ಮಣ್ಣಾಗೇ ಇರ್ತಾವ. ಬಾಡು ತಿನ್ನೋರು ಯಾರು, ತಿನ್ನದವರು ಯಾರು, ಅವಕ್ಕೇನು ಗೊತ್ತು?"

ನರ್ಸಮ್ಮ ಗುಳಿಗೆ, ನೀರು ತಂದಳು. ಅತ್ತೆ ತುಟಿ ಬಿಗಿದು ಗೋಡೆಯತ್ತ ತಿರುಗಿದರು. ನುಂಗಿದರೆ ಹುಳವನ್ನು ಒಪ್ಪಿಕೊಂಡಂತೆ! ಹುಳ ಕೆಳಗಿಳಿಯದಿದ್ದರೆ ಬಾಯಿಯಿಂದ ಪೈಪು ಬಿಟ್ಟು ಎಳೆಯಬೇಕು, ಅಲ್ಲೇ ಕೀವಾದರೆ ಜೀವಕ್ಕೇ ಕುತ್ತು ಎಂದರು ಡಾಕ್ಟರ್. ಆದರೂ ಅತ್ತೆ ಜಪ್ಪಯ್ಯ ಅನ್ನಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಕೀಲಿಗೊಂಚಲನ್ನು ಅವರ ಮಂಚದ ಮೇಲೆ ಎಸೆದೆ. "ನುಂಗ್ರಿ ಅತ್ತಿ! ಇಲ್ಲಾಂದ್ರ ಇದನ್ನ ಒಯ್ದು ಬಾವಿಗೆ ಒಗೀತೀನಿ. ನೀವಿಲ್ಲದ ಮನಿಗೆ ನಾ ಯಜಮಾನಿ ಆಗಂಗಿಲ್ಲ!"

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನಾನು ಕೀಲಿಗೊಂಚಲನ್ನು ಎತ್ತಿ ಸೆರಗಿಗೆ ಕಟ್ಟಿಕೊಂಡೆ.

ಸಲೈನ್ ಏರಿಸಿದರು, ಉಪವಾಸ ಇಟ್ಟರು. ನೋವು ಇಳಿಯಿತು. ಮತ್ತೆ ಸ್ಕ್ಯಾನ್ ಮಾಡಿದ ದಿನ ನಾನು ಪರದೆಯನ್ನೇ ನೋಡುತ್ತ ನಿಂತಿದ್ದೆ. "ಖಾಲಿ!" ಅಂದರು ಡಾಕ್ಟರ್. ಅಯ್ಯೋ, ಅವರನ್ನು ತಬ್ಬಿಕೊಂಡೇಬಿಟ್ಟೆ!

ಮನೆ ಮುಟ್ಟಿದಾಗ ಬುಚ್ಚಮ್ಮ ಉಡಿತುಂಬ ಹಕ್ಕರಕಿ ಸೊಪ್ಪು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. "ಏನಾಗಿತ್ತಂತ, ಶೇಖಮ್ಮಕ್ಕಾ?" ಎಂದಳು, ಏನೂ ಗೊತ್ತಿಲ್ಲದವಳ ಹಾಗೆ.

"ಹುಳ ಆಗಿತ್ತು," ಅಂದರು ಅತ್ತೆ, ಓಣಿಗೆಲ್ಲ ಕೇಳುವಂತೆ. "ಮೊದ್ಲು ಆ ತಪ್ಪಲ ತೊಳಿ. ಕಾವ್ಯಾ, ಹುಡುಗಿಗೂ ಗುಳಿಗಿ ತರಿಸು, ನಾನೇ ನುಂಗಸ್ತೀನಿ."

ಹೊಸ್ತಿಲು ದಾಟಿದವರು ತಿರುಗಿ ನನ್ನೆದುರು ಕೈಚಾಚಿದರು.

"ಕೀಲಿ ತಾ ಇಲ್ಲಿ. ಯಜಮಾನಿ ಆಗೇಬಿಟ್ಟೇನು, ಇಷ್ಟ ಲಗೂ?"

ಕೊಟ್ಟೆ. ಕಣ್ಣೀರು ಒಂದೇ ಸಮ ಸುರಿಯುತ್ತಿತ್ತು. ಅತ್ತೆ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು.