ರಾಣಿಯ ಹೆಸರು ಹೇಳುವಷ್ಟು ಹೊತ್ತು

ಹೇಳುವುದಿದ್ದರೆ ಹೊಳೆ ದಾಟುವ ಮುಂಚೆಯೇ ಹೇಳಿಬಿಡಬೇಕು. ದಾಟಿದ ಮೇಲೆ ಹೇಳಿದರೆ ಸಿಟ್ಟಿನಲ್ಲಿ ನೆವಿಲ್ ಒಬ್ಬನೇ ವಾಪಸು ನೀರಿಗಿಳಿದಾನು. ಆದರೆ ಈಗಲೇ ಹೇಳಿಬಿಟ್ಟರೆ ಉಳಿದ ದಿನವನ್ನು ಇಬ್ಬರೂ ಏನು ಮಾಡುವುದು? ಅಷ್ಟಕ್ಕೂ ಹೇಳು ಎಂದು ಯಾರು ಕೇಳಿದ್ದಾರೆ?

ಗಾಳ ಹಾಕಲು ಬಂದವರಿಗೆ ಹೊಳೆ ತೋರಿಸುವುದೇ ಕಸುಬಾಗಿದ್ದ ರಾವಿರಿ ಬೂಟಿನ ದಾರವನ್ನು ಬಿಗಿದ, ಬಿಚ್ಚಿದ, ಮತ್ತೆ ಬಿಗಿದ. ಐಲ್ಸಾಗೆ ತನ್ನ ಕಾಯಿಲೆ ಹೋದ ಬೇಸಿಗೆಯಲ್ಲೇ, ಕ್ರಿಸ್‌ಮಸ್ ಆದ ಹೊಸತರಲ್ಲೇ, ಗೊತ್ತಿತ್ತು. ಗಂಡನಿಗೆ ಹೇಳಿರಲಿಲ್ಲ. ಇದೇ ಹೊಳೆಯ ದಂಡೆಯಲ್ಲಿ ರಾವಿರಿಗೆ ಹೇಳಿದ್ದಳು. ಚಳಿಗಾಲದಲ್ಲಿ ಹೋಗಿಬಿಟ್ಟಳು. ಈಗ ಅವಳ ಗಂಡ ನೆವಿಲ್ ಒಬ್ಬನೇ ಬಂದು, ಕಾರಿನ ಪಕ್ಕ ನಿಂತು ಗಾಳದ ಕೋಲು ಜೋಡಿಸುತ್ತಿದ್ದ.

ಪ್ರತಿ ವರ್ಷ ಈ ಹೊಳೆಯನ್ನು ಮೂವರೂ ತೋಳಿಗೆ ತೋಳು ಹೆಣೆದು ದಾಟುತ್ತಿದ್ದರು. ಸೆಳೆತ ಬರುವ ಕಡೆ ರಾವಿರಿ, ಆ ತುದಿಗೆ ನೆವಿಲ್, ನಡುವೆ ಐಲ್ಸಾ. ಇವತ್ತು ಮೊಣಕಾಲುದ್ದ ನೀರಿಗಿಳಿದ ಇಬ್ಬರೂ ತಮಗೇ ಅರಿವಿಲ್ಲದೆ ನಡುವೆ ಒಬ್ಬರ ಜಾಗ ಬಿಟ್ಟು ನಿಂತರು.

"ಹತ್ತಿರ ಬಾರಯ್ಯ, ನಾನೇನು ಕಚ್ಚಲ್ಲ," ಎಂದ ನೆವಿಲ್.

"ಹಲ್ಲಿನ ಡಾಕ್ಟರನ್ನ ನಂಬಬಾರದು ಕಣಯ್ಯ. ಕಚ್ಚೋರು ನೀವಲ್ಲ, ಕೀಳೋರು."

ನೆವಿಲ್ ನಕ್ಕ. ರಾವಿರಿ ಅವನ ತೋಳು ಹಿಡಿದ. ಅದು ತೆಳುವಾಗಿತ್ತು. ಇಷ್ಟು ವರ್ಷಗಳಲ್ಲಿ ಆ ತೋಳನ್ನು ಅವನು ಒಮ್ಮೆಯೂ ಹಿಡಿದಿರಲಿಲ್ಲ. ನಡು ಹೊಳೆಯಲ್ಲಿ ನೀರು ತೊಡೆಗೆ ಬಡಿಯುವಾಗ, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿದ ಹಾಗಾಯಿತು. "ಕಾಲು ನೋಡಿಕೊಂಡು ಇಡು," ಎಂದಷ್ಟೇ ಅವನ ಬಾಯಿಂದ ಬಂತು.

ಆಚೆ ದಂಡೆಯ ಕಾಡುಮರಗಳ ಕೆಳಗೆ ಚಹಾಕ್ಕೆ ಕೂತರು. ನೆವಿಲ್ ಶುಂಠಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ. ಅವು ಐಲ್ಸಾಳ ಬಿಸ್ಕತ್ತುಗಳು. ಅವನಿಗೆ ಅವು ಮೊದಲಿಂದಲೂ ಸೇರುತ್ತಿರಲಿಲ್ಲ. ಆದರೂ ಒಂದನ್ನು ಚಹಾದಲ್ಲಿ ಅದ್ದಿ, ಅದು ಮೆತ್ತಗಾಗಿ ಮುರಿದು ಲೋಟದೊಳಗೆ ಬಿದ್ದಿದ್ದನ್ನೇ ನೋಡುತ್ತ ಕೂತ.

"ಈಸ್ಟರ್ ಆದ್ಮೇಲೆ ನಮಗೆ ಗೊತ್ತಾಯ್ತು," ಎಂದ. "ಡಾಕ್ಟರು ಏನಂದ್ರು ಗೊತ್ತಾ? ಬೇಸಿಗೇಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು ಅಂದ್ರು. ಬೇಸಿಗೇಲಿ ನಾವು ಇಲ್ಲಿದ್ವಿ. ಜನ ಬಾಯಿ ತೆಗೆದ್ರೆ ಸಾಕು, ರೋಗ ಹೇಳ್ತಿದ್ದೆ ನಾನು. ಪಕ್ಕದಲ್ಲಿ ಮಲಗಿದ್ದವಳದ್ದು ಕಾಣಲಿಲ್ಲ."

ರಾವಿರಿ ಮುಖಕ್ಕೆ ಮುತ್ತಿದ ಮರಳುನೊಣ ಓಡಿಸಿಕೊಂಡ.

"ಒಂದು ಕೇಳ್ತೀನಿ, ನಿಜ ಹೇಳು. ಅವಳಿಗೆ ಆಗಲೇ ಗೊತ್ತಿತ್ತಾ? ನಿನ್ನ ಹತ್ರ ಏನಾದ್ರೂ ಅಂದಿದ್ಲಾ?"

ಹೋದ ಬೇಸಿಗೆಯಲ್ಲಿ ಅವಳು ಕೂತಿದ್ದ ಬಂಡೆ ಅಲ್ಲೇ, ಹತ್ತು ಹೆಜ್ಜೆಯಾಚೆ ಇತ್ತು. ಅವತ್ತು ನೆವಿಲ್ ಕೆಳಗಿನ ಮಡುವಿನಲ್ಲಿ ಮೀನು ಕಳೆದುಕೊಂಡು, ತನ್ನನ್ನೇ ಬೈದುಕೊಂಡು, ಗಟ್ಟಿಯಾಗಿ ನಗುತ್ತಿದ್ದ. ಐಲ್ಸಾ ಗಂಡನನ್ನೇ ನೋಡುತ್ತ, "ರಾತ್ರಿ ಊಟ ಆದ್ಮೇಲೆ ಹೇಳಿಬಿಡ್ಲೇನೋ?" ಎಂದು ಕೇಳಿದ್ದಳು. ರಾವಿರಿಯೂ ಆ ನಗುವನ್ನೇ ನೋಡುತ್ತಿದ್ದ. "ಅವಸರ ಬೇಡ. ಸ್ವಲ್ಪ ಕಾಯಿ," ಎಂದುಬಿಟ್ಟ. ಗಾಳ ಹಾಕುವವರಿಗೆ ಹೇಳಿ ಹೇಳಿ ದಿನವಿಡೀ ಅವನ ಬಾಯಲ್ಲಿ ಓಡಾಡುವ ಮಾತೇ ಅದು. ಅವಳು ಅವನ ಭುಜ ತಟ್ಟಿ, "ಸರಿ ಕಣಪ್ಪ. ನೀನು ಕಾಯಿ ಅಂದಾಗ ಕಾದು ನಾನು ಒಂದು ಮೀನೂ ಕಳಕೊಂಡಿಲ್ಲ," ಎಂದಿದ್ದಳು. ಅವನು ಅಂದದ್ದು ಅವರು ಹೊಳೆಯಲ್ಲಿ ಕಳೆಯುವ ಆ ವಾರದ ಮಟ್ಟಿಗೆ. ಅವಳು ಈಸ್ಟರ್‌ವರೆಗೆ ಕಾದಳು.

"ಇಲ್ಲ," ಎಂದ ರಾವಿರಿ. "ಏನೂ ಅನ್ಲಿಲ್ಲ."

ನೆವಿಲ್ ತಣ್ಣಗಾದ ಚಹಾವನ್ನು ಹುಲ್ಲಿಗೆ ಚೆಲ್ಲಿದ. "ಗೊತ್ತಿದ್ದೂ ನನಗೆ ಹೇಳ್ದೆ ಇದ್ದಿದ್ರೆ ಅದನ್ನ ಹೇಗೆ ತಡಕೊಳ್ತಿದ್ನೋ. ಸಾಕು ಬಿಡು."

ಈ ನೆಲದ ಮೂಲನಿವಾಸಿಗಳಾದ ರಾವಿರಿಯ ಕಡೆಯವರು ಸತ್ತವರನ್ನು ಕುಲದ ಚಾವಡಿಯಲ್ಲಿ ದಿನಗಟ್ಟಲೆ ಮಲಗಿಸಿಕೊಂಡು, ಮುಖ ನೋಡಿ ಮಾತಾಡುತ್ತಾರೆ. ಬೈಯುವುದಿದ್ದರೆ ಬೈಯುತ್ತಾರೆ, ತಪ್ಪು ಕೇಳುವುದಿದ್ದರೆ ಕೇಳಿಕೊಳ್ಳುತ್ತಾರೆ. ಐಲ್ಸಾಳ ಶವಪೆಟ್ಟಿಗೆಗೆ ಮುಚ್ಚಳ ಹಾಕಿತ್ತು. ಪ್ರಾರ್ಥನೆ ಬೇಗ ಮುಗಿದಿತ್ತು. ಅವನು ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತು ಬಂದಿದ್ದ.

ಅವನು ಎದ್ದು ದಿಣ್ಣೆ ಹತ್ತಿ ನೀರು ನೋಡಿದ. ನೋಡುವುದೊಂದೇ ಈಗ ಅವನಿಗೆ ಉಳಿದಿದ್ದ ಕೆಲಸ. ಬೂದು ಬಂಡೆಯ ಮುಂದೆ ಒಂದು ನೆರಳು ಬಾಲ ಆಡಿಸುತ್ತ ನಿಂತಿತ್ತು. ದೊಡ್ಡ ಟ್ರೌಟ್ ಮೀನು.

"ಬಂಡೆಯಿಂದ ಒಂದು ಮಾರು ಮೇಲಕ್ಕೆ ಹಾಕು," ಎಂದು ಕೋಲು ಹಿಡಿದು ನೀರಿಗಿಳಿದ ನೆವಿಲ್‌ಗೆ ಪಿಸುಗುಟ್ಟಿದ. "ಕಚ್ಚಿದ ತಕ್ಷಣ ಎಳೀಬೇಡ. ಬಾಯಿ ಮುಚ್ಚಿ ಕೆಳಗೆ ತಿರುಗಲಿ. ಮನಸ್ಸಲ್ಲಿ ಆ ಹಳೇ ರಾಷ್ಟ್ರಗೀತೆ ಸಾಲು ಹೇಳ್ಕೋ, ದೇವರು ರಾಣಿಯನ್ನು ಕಾಪಾಡಲಿ. ಪೂರ್ತಿ. ನೀನು ಯಾವಾಗ್ಲೂ ದೇವರು ಅನ್ನೋದ್ರೊಳಗೇ ಎಳೆದುಬಿಡ್ತೀಯ."

"ರಾಣಿ ಹೋಗಿ ವರ್ಷಗಳಾದವಲ್ಲೋ. ಈಗ ರಾಜ ಅನ್ನಬೇಕಲ್ವಾ?"

"ಮೀನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ರಾಣಿ ಅಂತಲೇ ಅನ್ನು."

ಅದು ಹೋದ ವರ್ಷ ಐಲ್ಸಾ ಮಾಡಿದ್ದ ತಮಾಷೆ. ಹೇಳಿಯಾದ ಮೇಲೆಯೇ ಇಬ್ಬರಿಗೂ ನೆನಪಾಯಿತು.

ಗಾಳದ ಕೊಕ್ಕೆಗೆ ಗರಿ, ಕೂದಲು ಸುತ್ತಿ ಮಾಡಿದ ಹುಸಿ ಜೀರುಂಡೆ ನೀರಿನ ಮೇಲೆ ಕೂತು ತೇಲುತ್ತ ಬಂತು. ನೆರಳು ನಿಧಾನವಾಗಿ ಮೇಲೆದ್ದಿತು. ಬಿಳಿಯ ಬಾಯಿ ತೆರೆದು ಮುಚ್ಚಿತು. ನೆವಿಲ್‌ನ ತುಟಿ ಅಲ್ಲಾಡುತ್ತಿತ್ತು. ಕೋಲು ಮೇಲೇಳಲಿಲ್ಲ. ಮೀನು ತಿರುಗಿತು. ಆಗ ಎತ್ತಿದ.

ಅದು ಮಡುವಿನ ಉದ್ದಗಲ ಎಳೆದಾಡಿ, ಸೋತು, ಕೊನೆಗೆ ರಾವಿರಿ ಒಡ್ಡಿದ ಕೈಬಲೆಗೆ ಬಂತು. ನೆವಿಲ್ ಬಗ್ಗಿ ಕೊಕ್ಕೆ ಬಿಡಿಸಿ, ಹರಿವಿಗೆ ಮುಖ ಮಾಡಿ ಅದನ್ನು ನೀರಲ್ಲೇ ಹಿಡಿದುಕೊಂಡ. ಅದು ಚೇತರಿಸಿಕೊಂಡು ಕೈ ಜಾರಿ ಹೋಯಿತು. ಅವನ ಕೈಗಳು ಮಾತ್ರ ನೀರಿನೊಳಗೆ ಹಾಗೇ ಇದ್ದವು, ಇನ್ನೂ ಏನನ್ನೋ ಹಿಡಿದ ಹಾಗೆ.

"ಕಾದೆ ನೋಡು," ಎಂದ, ಮುಖ ಎತ್ತದೆ. "ಅವಳು ಇದ್ದಿದ್ರೆ ನಂಬ್ತಾ ಇರ್ಲಿಲ್ಲ. ಎಷ್ಟು ಬೇಕಾದ್ರೂ ಕಾಯೋಳು ಅವಳು. ಅಷ್ಟು ಕಾಯೋದನ್ನ ಅವಳಿಗೆ ಯಾರು ಹೇಳಿಕೊಟ್ರೋ."

ರಾವಿರಿ ಬಲೆಯನ್ನು ನೀರಲ್ಲಿ ಅದ್ದಿ ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ. ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ತೋಳು ಹೆಣೆದು ಹೊಳೆ ದಾಟಿ ಬಂದರು. ಈ ಸಲ ನಡುವೆ ಜಾಗ ಬಿಡಲಿಲ್ಲ.

ಅವಳಿಗೆ ಕಾಯಿ ಎಂದವನು ತಾನೇ ಎಂದು ರಾವಿರಿ ಅವನಿಗೆ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.